ಘರ್‌ಪಟ್ಟಿ ಏರಿದೆಯಾ? ಮೊದಲು ಅಳತೆ ನೋಡಿ

ಮುಂಬೈಯಲ್ಲಿ ಪಾಲಿಕೆ ಮನೆಗಳ ಮೌಲ್ಯವನ್ನು ಹೊಸದಾಗಿ ಲೆಕ್ಕ ಹಾಕಿದಾಗಲೆಲ್ಲ ಹೌಸಿಂಗ್ ಸೊಸೈಟಿ ಮೀಟಿಂಗಿನಲ್ಲಿ ಒಂದೇ ಮಾತು, ಘರ್‌ಪಟ್ಟಿ, ಅಂದ್ರೆ ಮನೆಯ ಆಸ್ತಿ ತೆರಿಗೆ, ಜಾಸ್ತಿ ಆಯ್ತು. ಆಗಿರಬಹುದು. ಆದರೆ ದರದ ಬಗ್ಗೆ ಜಗಳಕ್ಕೆ ಹೋಗುವ ಮುಂಚೆ ಬಿಲ್ಲಿನಲ್ಲಿ ನಿಮ್ಮ ಮನೆಯ ಅಳತೆ ಎಷ್ಟು ಅಂತ ಬರೆದಿದ್ದಾರೆ, ಅದನ್ನು ನೋಡಿ. ದರ ನಿಮ್ಮ ಕೈಯಲ್ಲಿಲ್ಲ. ತಪ್ಪು ಅಳತೆಯನ್ನು ತಿದ್ದಿಸೋದು ನಿಮ್ಮ ಕೈಯಲ್ಲೇ ಇದೆ.

2010ರ ತನಕ ಇಲ್ಲಿನ ತೆರಿಗೆ ಬಾಡಿಗೆ ಮೇಲೆ ನಿಂತಿತ್ತು. ಬಾಡಿಗೆ ನಿಯಂತ್ರಣ ಕಾಯ್ದೆಯಿಂದಾಗಿ ದಕ್ಷಿಣ ಮುಂಬೈಯ ಹಳೇ ಕಟ್ಟಡಗಳ ಬಾಡಿಗೆ ಇದ್ದಲ್ಲೇ ಇತ್ತು, ಹಾಗಾಗಿ ಅಲ್ಲಿ ತೆರಿಗೆಯೂ ಕಡಿಮೆ, ಹೊರೆ ಬಿದ್ದಿದ್ದು ಉಪನಗರದಲ್ಲಿ ಹೊಸ ಫ್ಲ್ಯಾಟ್ ತಗೊಂಡವರ ಮೇಲೆ. ಈಗ ಲೆಕ್ಕ ಬಂಡವಾಳ ಮೌಲ್ಯದ್ದು. ನಿಮ್ಮ ಏರಿಯಾದ ರೆಡಿ ರೆಕನರ್ ದರ (ಸರ್ಕಾರ ಗೊತ್ತುಮಾಡುವ ಆಸ್ತಿ ಬೆಲೆ), ಮನೆಯ ಅಳತೆ, ಮನೆಯೋ ಅಂಗಡಿಯೋ, ಕಟ್ಟಡ ಯಾವ ಬಗೆಯದು, ಎಷ್ಟು ಹಳೇದು, ಎಷ್ಟನೇ ಮಹಡಿ, ಇವೆಲ್ಲ ಸೇರಿ ಮೌಲ್ಯ ಬರುತ್ತೆ. ಅದರ ಮೇಲೆ ಶೇಕಡಾವಾರು ದರ. ಕಾನೂನಿನ ಪ್ರಕಾರ ಐದು ವರ್ಷಕ್ಕೊಮ್ಮೆ ಮೌಲ್ಯ ಪರಿಷ್ಕರಣೆ, ಆದರೆ ಏರಿಕೆ ಹಿಂದಿನ ತೆರಿಗೆಯ ಶೇ. 40 ಮೀರುವ ಹಾಗಿಲ್ಲ. ಮೌಲ್ಯ ಎರಡು ಪಟ್ಟಾದರೂ ತೆರಿಗೆ ಎರಡು ಪಟ್ಟಾಗಲ್ಲ ಅಂತ ಇದರರ್ಥ.

ಅಳತೆ ವಿಷಯಕ್ಕೆ ಬರೋಣ, ಇದೇ ಮುಖ್ಯ. 2022ರ ಜನವರಿ 1ರಿಂದ 500 ಚದರ ಅಡಿವರೆಗಿನ ಮನೆಗಳಿಗೆ ಪೂರ್ತಿ ಮಾಫಿ ಇದೆ. ಲೆಕ್ಕ ಕಾರ್ಪೆಟ್ ಏರಿಯಾದ್ದು, ಅಂದ್ರೆ ಗೋಡೆಗಳ ಒಳಗೆ ಬಳಸೋಕೆ ಸಿಗುವ ಜಾಗದ್ದು, ಚದರ ಮೀಟರ್‌ನಲ್ಲಿ 46.45. ನಮ್ಮ ಮಹಡಿಯ ಅಕ್ಕನ ಅಗ್ರಿಮೆಂಟಿನಲ್ಲಿ ಕಾರ್ಪೆಟ್ 485 ಚದರ ಅಡಿ, ಅಂದ್ರೆ 45.06 ಚದರ ಮೀಟರ್. ಬಿಲ್ಲಿನಲ್ಲಿ ಇದ್ದದ್ದು 54.07, ಮಾಫಿಯ ಮಿತಿಗಿಂತ ಜಾಸ್ತಿ! ಯಾಕೆ ಅಂತ ಹುಡುಕಿದರೆ, ಬಿಲ್ಡರ್ ಕೊಟ್ಟ ಹಳೇ ಕಾಗದದಲ್ಲಿ ಗೋಡೆಗಳನ್ನೂ ಸೇರಿಸಿದ ಬಿಲ್ಟ್‌ಅಪ್ ಅಳತೆ ಇತ್ತು, ಅದೇ ಹಾಗೇ ಇಳಿದುಬಂದಿತ್ತು. ಒಂದು ಕ್ಯಾಲ್ಕುಲೇಟರ್ ಇಟ್ಕೊಂಡು ಕೂತರೆ ಐದು ನಿಮಿಷದ ಕೆಲಸ: ನಿಮ್ಮ ಚದರ ಅಡಿಯನ್ನು 10.764ರಿಂದ ಭಾಗಿಸಿ, ಬಿಲ್ಲಿನ ಅಂಕಿ ಜೊತೆ ಹೋಲಿಸಿ. ಕಟ್ಟಡದ ವಯಸ್ಸು, ಮಹಡಿ ಕೂಡ ನೋಡಿಬಿಡಿ.

ಸೊಸೈಟಿ ಹೆಸರಲ್ಲಿ ಒಂದೇ ಬಿಲ್ ಬರುತ್ತಾ? ಹಾಗಾದರೆ ಸೆಕ್ರೆಟರಿ ಹತ್ರ ಹಂಚಿಕೆಯ ಪಟ್ಟಿ ಕೇಳಿ. ಚಿಕ್ಕ ಮನೆಯ ಮಾಫಿ ಚಿಕ್ಕ ಮನೆಯವರಿಗೇ ಸೇರಬೇಕು, ಎಲ್ಲರ ಮೆಂಟೆನೆನ್ಸಿನಲ್ಲಿ ಕರಗಿ ಹೋಗಬಾರದು. ಇದನ್ನು ಕೇಳೋಕೆ ಸಂಕೋಚ ಬೇಡ.

ತಪ್ಪು ಸಿಕ್ಕರೆ ಪಾಲಿಕೆಯ ನೋಟಿಸಿನಲ್ಲಿರುವ ಕೊನೇ ದಿನದೊಳಗೆ ವಾರ್ಡ್ ಆಫೀಸಿನ ತೆರಿಗೆ ವಿಭಾಗಕ್ಕೆ ಬರವಣಿಗೆಯಲ್ಲಿ ದೂರು ಕೊಡಿ. ನೋಂದಣಿಯಾದ ಅಗ್ರಿಮೆಂಟ್, ಮಂಜೂರಾದ ನಕ್ಷೆ, ಹಳೇ ಬಿಲ್ಲುಗಳ ಪ್ರತಿ ಇಟ್ಟು, ಒಂದು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿ ಬಂದರೆ ಅದು ದೂರೇ ಅಲ್ಲ. ಅಲ್ಲಿ ಆಗದಿದ್ದರೆ ಸ್ಮಾಲ್ ಕಾಸಸ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಅಲ್ಲಿವರೆಗೆ ಬಿಲ್ ಕಟ್ಟದೆ ಸುಮ್ನೆ ಕೂರಬೇಡಿ, ತಡವಾದರೆ ತಿಂಗಳಿಗೆ ಶೇ. 2 ದಂಡ ಬೆಳೀತಾ ಹೋಗುತ್ತೆ. ಆಕ್ಷೇಪ ಉಳಿಸಿಕೊಂಡು ಕಟ್ಟುತ್ತಿದ್ದೇನೆ ಅಂತ ಪತ್ರ ಕೊಟ್ಟು ಕಟ್ಟಿ.

ಹಾಗಂತ ಈ ತೆರಿಗೆಯೇ ಬೇಡ ಅನ್ನೋ ವಾದ ನನಗೆ ಒಪ್ಪಿಗೆಯಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಆಕ್ಟ್ರಾಯ್, ಅಂದ್ರೆ ನಗರದೊಳಗೆ ಬರುವ ಸರಕಿನ ಮೇಲೆ ಪಾಲಿಕೆ ಹಾಕುತ್ತಿದ್ದ ಸುಂಕ, ಹೋಯಿತು, ಆಮೇಲಿಂದ ಅದರ ಬದಲಿನ ಪರಿಹಾರಕ್ಕೆ ಪಾಲಿಕೆ ರಾಜ್ಯದ ಕಡೆ ನೋಡಬೇಕು. ತಾನೇ ವಸೂಲಿ ಮಾಡುವ ದೊಡ್ಡ ದುಡ್ಡು ಅಂದ್ರೆ ಆಸ್ತಿ ತೆರಿಗೆ. ಬಿಲ್ಲನ್ನು ಸಾಲು ಸಾಲಾಗಿ ಓದಿ: ಸಾಮಾನ್ಯ ತೆರಿಗೆ, ನೀರು, ಒಳಚರಂಡಿ, ರಸ್ತೆ, ಮರ, ಪಾಲಿಕೆ ಶಾಲೆಯ ಶಿಕ್ಷಣ ಉಪಕರ. ರಾಜ್ಯದ ಶಿಕ್ಷಣ ಉಪಕರ ಮಾತ್ರ ಪಾಲಿಕೆಗೆ ಉಳಿಯಲ್ಲ, ಸರ್ಕಾರಕ್ಕೆ ಹೋಗುತ್ತೆ. ಪಾಲಿಕೆ ನನ್ನಿಂದ ಇಷ್ಟು ತಗೊಂಡು ಏನು ಮಾಡಿತು ಅಂತ ನಗರಸೇವಕರನ್ನು (ಕಾರ್ಪೊರೇಟರ್) ಕೇಳೋಕೆ ಹೊರಟಾಗ ಈ ಬಿಲ್ಲನ್ನು ಜೇಬಲ್ಲಿಟ್ಟುಕೊಂಡು ಹೋಗಿ.