ಬೀಟಾ ಹಾಕಬೇಕಾ? ಮೊದಲು ವಾಪಸ್ ಬರುವ ದಾರಿ ನೋಡಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರನ್ನೇ ತಗೊಳ್ಳಿ. ಆರ್ಡರ್ ಬರುವುದು ವಾಟ್ಸ್‌ಆ್ಯಪ್‌ನಲ್ಲಿ, ದುಡ್ಡು ಬರುವುದು ಯುಪಿಐನಲ್ಲಿ, ಪ್ಯಾಟರ್ನ್ ಫೋಟೊಗಳೂ ಅದೇ ಫೋನಿನಲ್ಲಿ. "ಅಣ್ಣಾ, ಹೊಸ ಆಂಡ್ರಾಯ್ಡ್ ಬೀಟಾ ಬಂದೈತಿ, ಹಾಕ್ಲಾ?" ಅಂತ ಮನೆಯ ಹುಡುಗ ಕೇಳಿದರೆ, ಆ ಫೋನಿಗೆ ಬೇಡ ಅನ್ನಿ. ಮನೆಯಲ್ಲಿ ಇನ್ನೊಂದು ಫೋನ್ ಸುಮ್ನೆ ಬಿದ್ದಿದ್ದರೆ ಮಾತು ಬೇರೆ.

ಬೀಟಾ ಎಂದರೆ ಸಾಫ್ಟ್‌ವೇರಿನ ಇನ್ನೂ ಪರೀಕ್ಷೆಯಲ್ಲಿರುವ ಆವೃತ್ತಿ. ಬ್ಯಾಟರಿ ಬೇಗ ಇಳಿಯಬಹುದು, ಫೋನ್ ಬಿಸಿಯಾಗಬಹುದು. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಇದು ಸಣ್ಣ ಮಾತಲ್ಲ. ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ.

ಮೊದಲು ನೋಡಬೇಕಾದ್ದು ವಾಪಸ್ ಬರುವ ದಾರಿ. ಗೂಗಲ್‌ನ ಪಿಕ್ಸೆಲ್ ಫೋನಿನಲ್ಲಿ ಬೀಟಾ ನಡುವೆಯೇ ಹಳೆಯ ಆವೃತ್ತಿಗೆ ಹೋಗಬೇಕೆಂದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಯುಪಿಐಗೆ ಸಿಮ್‌ನಿಂದ ಎಸ್ಸೆಮ್ಮೆಸ್ ಕಳಿಸಿ ಮತ್ತೆ ನೋಂದಣಿ ಆಗಬೇಕು. ಐಫೋನ್ ಆದರೆ ಕಂಪ್ಯೂಟರ್‌ಗೆ ಜೋಡಿಸಿ, ಅಳಿಸಿ, ಹಳೆಯದನ್ನು ಹಾಕಬೇಕು. ಇಲ್ಲೇ ಜಾಸ್ತಿ ಜನ ಸಿಕ್ಕಿಬೀಳುವುದು: ಹೊಸ ಬೀಟಾದಲ್ಲಿ ತೆಗೆದ ಬ್ಯಾಕಪ್ ಹಳೆಯ ಐಒಎಸ್‌ಗೆ (ಐಫೋನಿನ ಸಾಫ್ಟ್‌ವೇರ್) ಕೂರುವುದಿಲ್ಲ. ಹಾಗಾಗಿ ಬೀಟಾ ಹಾಕುವ ಮುಂಚೆಯೇ ಕಂಪ್ಯೂಟರಿನಲ್ಲಿ ಬ್ಯಾಕಪ್ ತೆಗೆದು, ಹೊಸ ಬ್ಯಾಕಪ್ ಅದರ ಮೇಲೆ ಕೂರದಂತೆ ಆರ್ಕೈವ್ ಮಾಡಿಡಿ. ವಾಟ್ಸ್‌ಆ್ಯಪ್ ಬ್ಯಾಕಪ್ ಬೇರೆ ತೆಗೆಯಿರಿ.

ಆಮೇಲೆ ಯಾವ ಹಂತದ ಬೀಟಾ ಅಂತ ನೋಡಿ. ಆ್ಯಪಲ್ ಜೂನ್‌ನಲ್ಲಿ ಡೆವಲಪರ್ ಬೀಟಾ (ಆ್ಯಪ್ ಮಾಡುವವರಿಗಾಗಿ ಮೊದಲು ಬರುವುದು) ಬಿಡುತ್ತದೆ. 2023ರಿಂದ ಅದು ಎಲ್ಲರಿಗೂ ಉಚಿತ, ಆದರೆ ತೊಂದರೆ ಜಾಸ್ತಿ ಇರುವುದೂ ಅದರಲ್ಲೇ. ಜುಲೈ ಹೊತ್ತಿಗೆ ಬರುವ ಪಬ್ಲಿಕ್ ಬೀಟಾಕ್ಕೆ ಕಾದರೆ ಒಳ್ಳೆಯದು. ಪಕ್ಕಾ ಆವೃತ್ತಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ. ಸ್ಯಾಮ್‌ಸಂಗ್‌ನ ಕೆಲವು ಮಾಡೆಲ್‌ಗಳಿಗೆ ಮೆಂಬರ್ಸ್ ಆ್ಯಪ್‌ನಲ್ಲೇ ಬೀಟಾ ಸಿಗುತ್ತದೆ. ಕಂಪ್ಯೂಟರಿನ ವಿಂಡೋಸ್‌ಗೆ ಬೀಟಾ ಕೊಡುವ ವಿಂಡೋಸ್ ಇನ್‌ಸೈಡರ್‌ನಲ್ಲಿ ಮೊದಲ ಸಲದವರಿಗೆ ಬಿಡುಗಡೆಗೆ ತೀರಾ ಹತ್ತಿರದ ಹಂತ ಸಾಕು. ತೀರಾ ಆರಂಭದ ಹಂತದ ಕಡೆಗೆ ಹೋಗಬೇಡಿ.

ಇಷ್ಟೆಲ್ಲ ಹೇಳಿಯೂ, ಹೆಚ್ಚುವರಿ ಫೋನ್ ಇದ್ದವರು ಬೀಟಾ ಹಾಕಲೇಬೇಕು ಅನ್ನುತ್ತೇನೆ. ಕನ್ನಡದ ಅಕ್ಷರ ಒಡೆದು ಕಾಣುವುದು, ಕೀಬೋರ್ಡ್ ತಪ್ಪು ಪದ ತೋರಿಸುವುದು ಕನ್ನಡ ಬಳಸುವವರಿಗೆ ತಾನೇ ಗೊತ್ತಾಗುವುದು? ನಾವು ಬೀಟಾದಲ್ಲೇ ಹೇಳದಿದ್ದರೆ ಅದೇ ತಪ್ಪು ಕೋಟಿ ಜನರ ಫೋನಿಗೆ ಬರುತ್ತದೆ. ಒಂದು ಮೆಸೇಜಿನಲ್ಲಿ ರಾಷ್ಟ್ರ, ಸ್ತ್ರೀ, ಕಾರ್ಯ, ಸೂರ್ಯ ಅಂತ ಟೈಪ್ ಮಾಡಿ. ಒತ್ತುಗಳು ಜಾಗದಲ್ಲಿ ಕೂತಿವೆಯೇ, ಅರ್ಕಾವತ್ತು ಅಕ್ಷರದ ಬಲಕ್ಕೆ ಸರಿಯಾಗಿ ಬಂದಿದೆಯೇ, ಒಂದಕ್ಷರ ಅಳಿಸಿದರೆ ಏನಾಗುತ್ತದೆ ನೋಡಿ. ಧ್ವನಿ ಟೈಪಿಂಗ್‌ನಲ್ಲಿ ನಿಮ್ಮ ಮನೆಮಾತಿನಲ್ಲೇ ಮಾತಾಡಿ ಪರೀಕ್ಷಿಸಿ.

ತಪ್ಪು ಕಂಡರೆ ಫೀಡ್‌ಬ್ಯಾಕ್ ಆ್ಯಪ್‌ನಲ್ಲಿ ಬರೆಯಿರಿ. "ಕನ್ನಡ ಸರಿ ಇಲ್ಲ" ಅಂದರೆ ಯಾರಿಗೂ ತಿಳಿಯದು. ಯಾವ ಪದ, ಯಾವ ಆ್ಯಪ್, ಬೀಟಾದ ಪೂರ್ತಿ ನಂಬರ್, ಜೊತೆಗೆ ಸ್ಕ್ರೀನ್‌ಶಾಟ್ ಇರಲಿ.

ಪಕ್ಕಾ ಆವೃತ್ತಿ ಬಂದ ದಿನ ಅದನ್ನು ಹಾಕಿಕೊಂಡು, ಮುಂದಿನ ಬೀಟಾ ಇಳಿಯುವ ಮೊದಲೇ ಹೊರಗೆ ಬನ್ನಿ. ಪಿಕ್ಸೆಲ್‌ನಲ್ಲಿ ಆಗ ಏನೂ ಅಳಿಸಿಹೋಗುವುದಿಲ್ಲ. ಐಫೋನ್‌ನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಒಳಗಿನ ಬೀಟಾ ಅಪ್‌ಡೇಟ್ಸ್ ಆಫ್ ಮಾಡಿದರೆ ಸಾಕು.