ಔಷಧದ ಶೇಷ ಹಿಡಿಯಲು ಎಷ್ಟು ಇದ್ದಿಲು ಬೇಕು?

ನೋವಿನ ಮಾತ್ರೆಯ ಡೈಕ್ಲೋಫೆನಾಕ್, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಕೊಳಚೆನೀರಿನ ಸಾಮಾನ್ಯ ಜೈವಿಕ ಸಂಸ್ಕರಣೆಗೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಇವನ್ನು ಹಿಡಿಯಲು ಸಕ್ರಿಯ ಇದ್ದಿಲು, ಅಂದರೆ ಸೂಕ್ಷ್ಮ ರಂಧ್ರಗಳು ತುಂಬಿದ ಇದ್ದಿಲು ಬೇಕು. ಎಷ್ಟು ಎಂಬುದನ್ನು ಇದ್ದಿಲಿನ ಚೀಲದ ಮೇಲಿನ ಅಂಕಿ ಹೇಳುವುದಿಲ್ಲ, ಪ್ರಯೋಗಾಲಯದ ಫ್ಲಾಸ್ಕ್ ಹೇಳಬೇಕು. ಡೈಕ್ಲೋಫೆನಾಕ್‌ನಲ್ಲಿ ಅದನ್ನು ಪರೀಕ್ಷಿಸುವ ಕ್ರಮ ಹೀಗೆ.

ಇದ್ದಿಲ ಪುಡಿಯನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಚೆನ್ನಾಗಿ ತೊಳೆದು, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಒಣಗಿಸಿ, ಡೆಸಿಕೇಟರ್‌ನಲ್ಲಿ (ತೇವ ಸೇರದಂತೆ ಮುಚ್ಚಿಡುವ ಪಾತ್ರೆ) ಆರಿಸಿ. ಹೊರಗಿಟ್ಟರೆ ಗಾಳಿಯ ತೇವ ಹೀರಿ ತೂಕ ಸುಳ್ಳಾಗುತ್ತದೆ.

100 ಮಿ.ಗ್ರಾಂ ಡೈಕ್ಲೋಫೆನಾಕ್ ಸೋಡಿಯಂ ಅನ್ನು 1 ಲೀಟರ್ ನೀರಿನಲ್ಲಿ ಕರಗಿಸಿ. ಅದರ 20 ಮಿ.ಲೀ.ಗೆ ನೀರು ಸೇರಿಸಿ 100 ಮಿ.ಲೀ. ಮಾಡಿದರೆ ಲೀಟರಿಗೆ 20 ಮಿ.ಗ್ರಾಂ ದ್ರಾವಣ ಸಿದ್ಧ. ಇಂಥ ಐದು ಫ್ಲಾಸ್ಕ್‌ಗಳಿಗೆ ಕ್ರಮವಾಗಿ 10, 25, 50, 75, 100 ಮಿ.ಗ್ರಾಂ ಇದ್ದಿಲು ಹಾಕಿ. ಪಿಎಚ್ 7ರ ಆಸುಪಾಸಿನಲ್ಲಿರಲಿ. ಶೇಕರ್‌ನಲ್ಲಿ ನಿಮಿಷಕ್ಕೆ 150 ಸುತ್ತಿನಂತೆ ಅಲುಗಾಡಿಸಿ, ಎರಡು ಸಲದ ಅಳತೆ ಒಂದೇ ಬರುವತನಕ ಬಿಡಬೇಡಿ.

ಇನ್ನೆರಡು ಫ್ಲಾಸ್ಕ್ ಕಡ್ಡಾಯ: ಒಂದರಲ್ಲಿ ಔಷಧ ಮಾತ್ರ, ಇನ್ನೊಂದರಲ್ಲಿ ಇದ್ದಿಲು ಮತ್ತು ಬರೀ ನೀರು. ಬಹುತೇಕ ಎಡವಟ್ಟು ಸಿಕ್ಕಿಬೀಳುವುದು ಇಲ್ಲೇ. ಪಿಎಚ್ ಅನ್ನು 3ಕ್ಕೆ ಇಳಿಸಿದರೆ ಔಷಧ ಮಾಯವಾದಂತೆ ಕಂಡು ಫಲಿತಾಂಶ ಭರ್ಜರಿಯಾಗಿರುತ್ತದೆ. ಆದರೆ ಆಮ್ಲೀಯ ನೀರಿನಲ್ಲಿ ಡೈಕ್ಲೋಫೆನಾಕ್ ಕರಗಿರಲಾರದೆ ತಳಕ್ಕಿಳಿಯುತ್ತದೆ. ಇದ್ದಿಲೇ ಇಲ್ಲದ ಫ್ಲಾಸ್ಕ್‌ನಲ್ಲೂ ಅದು ಕಡಿಮೆಯಾಗಿದ್ದರೆ ಆ ಹೊಗಳಿಕೆ ಇದ್ದಿಲಿಗೆ ಸಲ್ಲದು.

ಮಾದರಿಯನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಮೊದಲ ಕೆಲವು ಮಿ.ಲೀ. ಚೆಲ್ಲಿ. ನೈಲಾನ್ ಫಿಲ್ಟರ್ ತಾನೇ ಔಷಧ ಹಿಡಿದುಕೊಳ್ಳಬಹುದು. ಬಳಿಕ 276 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆ ಎಂದು ನೋಡಿ, ಉಳಿದ ಔಷಧ ಅಳೆಯಿರಿ. 50 ಮಿ.ಗ್ರಾಂ ಇದ್ದಿಲಿನಿಂದ ಲೀಟರಿಗೆ 20 ಮಿ.ಗ್ರಾಂ ಇದ್ದದ್ದು 4ಕ್ಕೆ ಇಳಿದಿದ್ದರೆ, 100 ಮಿ.ಲೀ.ಯಲ್ಲಿ ಹೋದದ್ದು 1.6 ಮಿ.ಗ್ರಾಂ, ಅಂದರೆ ಗ್ರಾಂ ಇದ್ದಿಲಿಗೆ 32 ಮಿ.ಗ್ರಾಂ.

ಈ 32 ಶುದ್ಧ ನೀರಿನ ಲೆಕ್ಕ. ಅಷ್ಟಕ್ಕೇ ಘಟಕದ ವಿನ್ಯಾಸಕ್ಕೆ ಕೈಹಾಕಬೇಡಿ. ನಿಜವಾದ ಕೊಳಚೆನೀರಿನಲ್ಲಿ ಔಷಧ ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಷ್ಟೇ ಇದ್ದು, ಕರಗಿದ ಸಾವಯವ ವಸ್ತು ಅದರ ಹಲವು ಪಟ್ಟು ಇರುತ್ತದೆ. ಇದ್ದಿಲಿನ ರಂಧ್ರಗಳಿಗೆ ಮೊದಲು ಮುಗಿಬೀಳುವುದು ಅದೇ. ಹಾಗಾಗಿ ಸಂಸ್ಕರಿಸಿದ ಕೊಳಚೆನೀರಿನಲ್ಲೇ ಪರೀಕ್ಷೆ ಮತ್ತೆ ನಡೆಸಿ. ಅಲ್ಲಿ 276ರ ಅಳತೆ ನಂಬುವಂತಿಲ್ಲ, ಉಳಿದ ಸಾವಯವ ವಸ್ತುಗಳೂ ಅದೇ ಬೆಳಕನ್ನು ಹೀರುತ್ತವೆ. ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಬೇಕು, ತೀರಾ ಕಡಿಮೆ ಪ್ರಮಾಣಕ್ಕೆ ಅಣುಗಳನ್ನು ಅವುಗಳ ದ್ರವ್ಯರಾಶಿಯಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಕೂಡ.

ಬಳಸಿದ ಇದ್ದಿಲನ್ನು ಗಿಡದ ಬುಡಕ್ಕೆ ಸುರಿಯಬೇಡಿ, ಹಿಡಿದದ್ದನ್ನು ಅದು ಮತ್ತೆ ಬಿಟ್ಟುಕೊಡಬಲ್ಲದು. ಪುಡಿಯಾದರೆ ಸುಡುವ ಘಟಕಕ್ಕೆ, ಹರಳಾದರೆ ಹೆಚ್ಚಿನ ತಾಪದಲ್ಲಿ ಪುನಶ್ಚೇತನಕ್ಕೆ ಕಳಿಸಿ.