ಆಡಿನ ಕೆಚ್ಚಲು ಬಾವು: ಟ್ಯೂಬಿಗೆ ಮೊದಲು ಲ್ಯಾಬ್ ರಿಪೋರ್ಟ್

ನಮ್ಮ ಕೊಟ್ಟಿಗೆಯಲ್ಲಿ ಆಂಟಿಬಯೋಟಿಕ್ ಖರ್ಚು ಈಗ ಮೊದಲಿನ ಕಾಲು ಭಾಗಕ್ಕೆ ಇಳಿದಿದೆ. ಶಿರಸಿ ಮಳೆಯಲ್ಲಿ ಹಾಲಿನ ಆಡು ಸಾಕಿ ಯಾರೂ ಉದ್ಧಾರ ಆಗಿಲ್ಲ ಎಂದಿದ್ದವರೇ ಈಗ ಬಂದು ಆಡು ನಿಲ್ಲುವ ಅಟ್ಟದ ಅಳತೆ ಮಾಡಿಕೊಂಡು ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕರೆಯುವುದು, ಕೆಚ್ಚಲು ತೊಳೆಯುವುದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ನನ್ನ ಬಳಿ ಇರುವುದು ಹೆಚ್ಚಾಗಿ ಮಲಬಾರಿ ತಳಿಯ ಆಡು, ಇಪ್ಪತ್ತರ ಆಸುಪಾಸು. ಮೊದಲೆಲ್ಲ ಜೂನ್ ಬಂತೆಂದರೆ ಕೆಚ್ಚಲು ಬಾವು ಶುರು. ಕೆಚ್ಚಲು ಗಟ್ಟಿಯಾದ ತಕ್ಷಣ ತೊಟ್ಟಿನೊಳಗೆ ಆಂಟಿಬಯೋಟಿಕ್ ಟ್ಯೂಬ್ ಏರಿಸುವುದು. ಮೂರು ದಿನಕ್ಕೆ ಇಳಿಯುತ್ತಿತ್ತು, ತಿಂಗಳೊಳಗೆ ಅದೇ ಆಡಿಗೆ ಅದೇ ಬದಿಗೆ ಮತ್ತೆ ಬರುತ್ತಿತ್ತು. ಟ್ಯೂಬಿಗೆ ನೂರು ನೂರೈವತ್ತು ರೂಪಾಯಿ, ಮೇಲಿಂದ ಚೆಲ್ಲಿದ ಹಾಲಿನ ನಷ್ಟ. ಒಂದು ವರ್ಷ ಹದಿನೈದು ಸಾವಿರಕ್ಕೂ ಜಾಸ್ತಿ ಹೋಯಿತು. ಟ್ಯೂಬ್ ಬದಲಿಸಿ ನೋಡಿದ್ದಾಯಿತು, ಇಂಜೆಕ್ಷನ್ ಸೇರಿಸಿದ್ದೂ ಆಯಿತು. ಲೋಳೆಸರ, ಅರಿಶಿನ, ಸುಣ್ಣದ ಲೇಪವನ್ನೂ ಹಚ್ಚಿದೆ. ಈಗಷ್ಟೇ ಊದಿದ ಕೆಚ್ಚಲು ಅದರಿಂದ ಇಳಿದಂತೆ ಕಂಡಿತು. ಹಳೇ ಗಂಟಿಗೆ ಏನೂ ಆಗಲಿಲ್ಲ.

ಹಾಲನ್ನು ಹುಬ್ಬಳ್ಳಿಯ ಲ್ಯಾಬಿಗೆ ಕಳಿಸುತ್ತೇನೆ ಎಂದಾಗ ಪಕ್ಕದ ಮನೆ ಭಾವ ಕೇಳಿದ್ದು, "ಆಡಿನ ಹಾಲಿಗೂ ರಿಪೋರ್ಟನೋ ತಮಾ?" ಮಾದರಿಗೆ ಐನೂರರ ಮೇಲೆ, ಐಸ್ ಹಾಕಿ ಬಸ್ಸಿಗೆ ಕೊಡುವ ಖರ್ಚು ಬೇರೆ. ಮೊದಲ ಸಲದ ರಿಪೋರ್ಟ್ ಕಸಕ್ಕೆ ಹೋಯಿತು. ನಾಲ್ಕೈದು ಜಾತಿಯ ಬ್ಯಾಕ್ಟೀರಿಯಾ ಬೆಳೆದಿದೆ, ಕೊಟ್ಟಿಗೆಯ ಕೊಳೆ ಸೇರಿದೆ ಎಂದರು. ಆಮೇಲೆ ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಮೊದಲ ಮೂರ್ನಾಲ್ಕು ಧಾರೆ ಬಿಟ್ಟು, ಎರಡೂ ಬದಿಯದ್ದನ್ನು ಬೇರೆ ಬೇರೆ ಸೀಸೆಗೆ ಹಿಡಿದೆ. ಸೀಸೆಯನ್ನು ಓರೆಯಾಗಿ ಹಿಡಿಯಬೇಕು, ಇಲ್ಲದಿದ್ದರೆ ಮೈಮೇಲಿನ ಕೂದಲು, ಧೂಳು ಒಳಗೆ ಬೀಳುತ್ತದೆ.

ಬಂದ ಉತ್ತರ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ, ಚಿಕ್ಕದಾಗಿ ಸ್ಟ್ಯಾಫ್. ಪೆನ್ಸಿಲಿನ್, ಆಂಪಿಸಿಲಿನ್, ಟೆಟ್ರಾಸೈಕ್ಲಿನ್ ಎಲ್ಲದರ ಮುಂದೆಯೂ ಆರ್, ಅಂದರೆ ಔಷಧ ನಾಟುವುದಿಲ್ಲ. ನಾನು ವರ್ಷಗಟ್ಟಲೆ ದುಡ್ಡು ಸುರಿದದ್ದು ಅವಕ್ಕೇ! ಎನ್ರೋಫ್ಲಾಕ್ಸಾಸಿನ್ ಮುಂದೆ ಎಸ್ ಇತ್ತು, ಅಂದರೆ ನಾಟುತ್ತದೆ. ಅದನ್ನೇ ಹೊಡೆಯೋಣ ಎಂದೆ, ಡಾಕ್ಟ್ರು ತಡೆದರು. ಅದು ಮೈಯೊಳಗೆ ಸಿಪ್ರೊಫ್ಲಾಕ್ಸಾಸಿನ್ ಆಗುತ್ತದೆ, ನಮಗೆ ಕಾಯಿಲೆ ಬಂದಾಗ ನುಂಗುವ ಅದೇ ಮಾತ್ರೆ. ಕೊಟ್ಟಿಗೆಯಲ್ಲಿ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದರೆ ಕರೆಯುವವರ ಕೈಗೇ ಮೊದಲು ಬರುವುದು. ಕೈಯಿಂದ ಆಡಿಗೂ ಹೋಗುತ್ತದೆ, ಸ್ಟ್ಯಾಫ್ ಎರಡೂ ಕಡೆ ಓಡಾಡುತ್ತದೆ. ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ, ಹಂದಿ, ಹಸುಗಳಿಗೆಲ್ಲ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದೂ ಇದೇ ಭಯಕ್ಕೆ. ನೀವು ಮಾದರಿ ಕಳಿಸಿದರೆ ಸೆಫಾಕ್ಸಿಟಿನ್ ಎಂಬ ಔಷಧದ ಬಿಲ್ಲೆಯನ್ನೂ ಇಟ್ಟು ನೋಡಲು ಲ್ಯಾಬಿನವರಿಗೆ ಹೇಳಿ. ಎಂಆರ್‌ಎಸ್‌ಎ, ಅಂದರೆ ಪೆನ್ಸಿಲಿನ್ ಗುಂಪಿನ ಬಹುತೇಕ ಔಷಧಕ್ಕೆ ಬಗ್ಗದ ಸ್ಟ್ಯಾಫ್, ಹೌದೋ ಅಲ್ಲವೋ ತಿಳಿಯುವುದು ಅದರಲ್ಲಿ.

ಹಳೇ ಗಂಟಿನ ಎರಡು ಮೂರು ಆಡುಗಳಿಗೆ ಔಷಧ ನಿಲ್ಲಿಸಿ, ಅದು ಮೈಯಿಂದ ಇಳಿಯುವ ಅವಧಿ ಮುಗಿಸಿ, ಮಾಂಸಕ್ಕೆ ಕೊಟ್ಟುಬಿಟ್ಟೆ. ಒಂದು ದಿನಕ್ಕೆ ಒಂದೂವರೆ ಲೀಟರ್ ಕೊಡುತ್ತಿತ್ತು, ಮನೆಯಲ್ಲಿ ಎರಡು ದಿನ ಯಾರೂ ಸರಿ ಮಾತಾಡಲಿಲ್ಲ. ಆದರೆ ಬಾವು ಅರ್ಧ ನಿಂತದ್ದು ಅಲ್ಲಿಗೇ.

ಉಳಿದರ್ಧ ನೆಲದ ಕೆಲಸ. ಅಡಿಕೆ ಮರ ಸೀಳಿದ ದಬ್ಬೆಯ ಅಟ್ಟ, ನೆಲದಿಂದ ಮೂರಡಿ ಮೇಲೆ. ದಬ್ಬೆ ತೋಟದ್ದೇ, ಕೂಲಿ ಮತ್ತು ಮೊಳೆಗೆ ಇಪ್ಪತ್ತು ಸಾವಿರದಷ್ಟಾಯಿತು. ಸಂದು ಅರ್ಧ ಇಂಚಿನ ಮೇಲೆ ಸ್ವಲ್ಪ ಇರಲಿ, ಜಾಸ್ತಿಯಾದರೆ ಮರಿಯ ಕಾಲು ಸಿಕ್ಕಿಕೊಳ್ಳುತ್ತದೆ. ಕರೆದ ಮೇಲೆ ತೊಟ್ಟನ್ನು ಅಯೋಡಿನ್‌ನಲ್ಲಿ ಅದ್ದಿ, ಅರ್ಧ ಗಂಟೆ ಮಲಗಲು ಬಿಡಬೇಡಿ, ಮುಂದೆ ಸೊಪ್ಪು ಕಟ್ಟಿ. ಅದ್ದುವ ದ್ರಾವಣ ಮಳೆಯಲ್ಲೂ ತೊಟ್ಟಿಗೆ ಅಂಟಿ ನಿಲ್ಲಲು ನಾನೊಂದು ವಸ್ತು ಸೇರಿಸುತ್ತೇನೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಕೊಟ್ಟಿಗೆಗೆ ಬಂದವರಿಗೆ ಹೇಳುತ್ತೇನೆ.

ಈಗ ಬಾವು ಕಂಡರೆ ಮೊದಲು ಮಾದರಿ, ಆಮೇಲೆ ಮೂರ್ನಾಲ್ಕು ತಾಸಿಗೊಮ್ಮೆ ಕೆಚ್ಚಲು ಖಾಲಿ ಮಾಡುವುದು, ನೋವಿಗೆ ಡಾಕ್ಟ್ರು ಹೇಳಿದ ಔಷಧ. ರಿಪೋರ್ಟ್ ಬರಲು ಎರಡು ಮೂರು ದಿನ. ಆದರೆ ಜ್ವರ ಬಂದು ಮೇವು ಬಿಟ್ಟರೆ, ಕೆಚ್ಚಲು ನೀಲಿಯಾಗಿ ತಣ್ಣಗಾದರೆ ಕಾಯಬೇಡಿ. ಆಗ ಅದೇ ಗಳಿಗೆ ಡಾಕ್ಟ್ರನ್ನು ಕರೆಯಿರಿ.

ಬಾವು ಪತ್ತೆಗೆ ಬಟ್ಟೆ ಒಗೆಯುವ ಪುಡಿಯ ಪರೀಕ್ಷೆಯನ್ನೂ ಮಾಡುತ್ತೇನೆ, ಬಾವಿದ್ದರೆ ಹಾಲು ಲೋಳೆಯಾಗುತ್ತದೆ. ಅರ್ಧ ಲೀಟರ್ ನೀರಿಗೆ ಆರು ಚಮಚ ಪುಡಿ, ಅಷ್ಟೇ ಹಾಲು ಅಷ್ಟೇ ದ್ರಾವಣ. ಆಡಿನ ಹಾಲು ಆರೋಗ್ಯವಾಗಿದ್ದರೂ ತುಸು ಲೋಳೆಯಾಗುತ್ತದೆ, ಹಸುವಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡು ಬದಿಯಲ್ಲಿ ವ್ಯತ್ಯಾಸ ಇದೆಯಾ ಎಂದಷ್ಟೇ ನೋಡಿ.

ಹೆಪ್ಪಿನ ಆಟವೂ ಆಡಿದೆ. ಔಷಧ ಕೊಟ್ಟ ಆಡಿನ ಹಾಲು ಕಾಯಿಸಿ ಹೆಪ್ಪು ಹಾಕಿದರೆ ಎರಡನೇ ದಿನವೂ ನೀರು ನೀರು. ಬೇರೆ ಆಡಿನದ್ದು ರಾತ್ರಿ ಕಳೆಯುವುದರೊಳಗೆ ಮೊಸರು. ಔಷಧ ಉಳಿದರೆ ಹೆಪ್ಪಿನ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಅಷ್ಟೇ. ಮೊಸರಾಯಿತು ಅಂತ ಹಾಲು ಶುದ್ಧ ಅನ್ನಬೇಡಿ. ಔಷಧ ಸ್ವಲ್ಪವೇ ಉಳಿದಿದ್ದರೆ ಇದರಲ್ಲಿ ಗೊತ್ತಾಗುವುದಿಲ್ಲ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇದ್ದರಂತೂ ಇಲ್ಲವೇ ಇಲ್ಲ. ಆ ಹಾಲನ್ನು ಮರಿಗೂ ಕುಡಿಸುವುದಿಲ್ಲ, ಅವುಗಳ ಕರುಳಿನಲ್ಲಿ ಮತ್ತದೇ ಜಾತಿ ಉಳಿದು ಬೆಳೆಯುತ್ತದೆ. ಗುಂಡಿಗೆ ಸುರಿಯುತ್ತೇನೆ.

ಮಾರುವ ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ತಕ್ಷಣ ತಣ್ಣಗೆ ಮಾಡುತ್ತೇನೆ. ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಿದ್ದರೂ ಬಿಸಿಗೆ ಬಗ್ಗುತ್ತದೆ. ಆದರೆ ಹಾಲು ಮಧ್ಯಾಹ್ನದವರೆಗೆ ಹೊರಗೆ ಬಿದ್ದಿದ್ದರೆ ಸ್ಟ್ಯಾಫ್ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಡೆಂಗಿ ಸಮಯದಲ್ಲಿ ಪ್ಲೇಟ್‌ಲೆಟ್ ಏರುತ್ತದೆ ಎಂದು ಹಸಿ ಹಾಲು ಕೇಳಿ ಕುಮಟಾದಿಂದಲೂ ಫೋನ್ ಬರುತ್ತದೆ, ಲೀಟರ್‌ಗೆ ಐನೂರು ಕೊಡುತ್ತೇವೆ ಎನ್ನುತ್ತಾರೆ. ಏರುತ್ತದೆ ಎನ್ನಲು ಆಧಾರವಿಲ್ಲ, ಹಸಿ ಹಾಲಿನಿಂದ ಬ್ರುಸೆಲ್ಲಾ ಜ್ವರ ಬರಬಹುದು ಎನ್ನುವುದಕ್ಕೆ ಇದೆ. ಕಾಯಿಸಿದ್ದು ನೂರಿಪ್ಪತ್ತಕ್ಕೆ ಇದೆ ಎನ್ನುತ್ತೇನೆ. ಅರ್ಧಕ್ಕರ್ಧ ಜನ ಫೋನ್ ಇಡುತ್ತಾರೆ.